ಹರಿದು ಅಂಟಿಸಿದರೆ ಮನಸ್ಸು ಹಗುರಾದೀತೇ?

ಪ್ರಶ್ನೆ: ನನಗೆ 48 ವರ್ಷ. ಯಜಮಾನರು ತೀರಿಕೊಂಡು ಒಂದೂವರೆ ವರ್ಷವಾಯಿತು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಾಗದ, ಬಟ್ಟೆ ಚೂರು, ಬಣ್ಣ ಎಲ್ಲ ಸೇರಿಸಿ ಮಾಡುವ ಮಿಕ್ಸೆಡ್ ಮೀಡಿಯಾ ಕಲೆಯ ತರಗತಿಗೆ ಹೋಗಿ ಎಂದು ಆಪ್ತಸಮಾಲೋಚಕರು ಹೇಳುತ್ತಿದ್ದಾರೆ. ನನಗೆ ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲು ಬಾರದು. ಇದರಿಂದ ಉಪಯೋಗವಿದೆಯೇ ಡಾಕ್ಟರೇ? ಮಾತ್ರೆ ಬಿಡಬಹುದೇ?
– ಓದುಗರು, ಹಾವೇರಿ

ಉತ್ತರ: ಮಾತ್ರೆ ಬಿಡಬೇಡಿ. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರೆಗೇಡು, ಕಳವಳ ಕಾಣಿಸಬಹುದು, ಖಿನ್ನತೆ ಮರುಕಳಿಸಲೂಬಹುದು. ಯಾವಾಗ, ಎಷ್ಟು ಇಳಿಸಬೇಕೆಂಬುದನ್ನು ನಿಮ್ಮ ಮನೋವೈದ್ಯರೇ ಹೇಳಲಿ. ತರಗತಿಗಂತೂ ಧಾರಾಳವಾಗಿ ಹೋಗಿ. ಗೆರೆ ಎಳೆಯಲು ಬಾರದವರಿಗೇ ಈ ಕಲೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬಿಳಿ ಹಾಳೆ, ಪೆನ್ಸಿಲ್ ಕೊಟ್ಟರೆ ಶಾಲೆಯ ಡ್ರಾಯಿಂಗ್ ಪರೀಕ್ಷೆ ನೆನಪಾಗಿ ಕೈ ಹಿಂಜರಿಯುತ್ತದೆ. ಹಳೆಯ ಲಗ್ನಪತ್ರಿಕೆ, ಸೀರೆಯ ಅಂಚು, ಬಸ್ ಟಿಕೆಟ್, ಒಂದು ಫೆವಿಕಾಲ್ ಡಬ್ಬಿ ಎದುರಿಗಿದ್ದರೆ ಮಾಡಬೇಕಾದದ್ದು ಬೇರೆಯೇ: ಆರಿಸುವುದು, ಹರಿಯುವುದು, ಇಲ್ಲಿಡಲೋ ಅಲ್ಲಿಡಲೋ ಎಂದು ಸರಿಸಿ ನೋಡುವುದು. ಖಿನ್ನತೆಯಲ್ಲಿ ಯಾವ ಸೀರೆ ಉಡಲಿ ಎಂಬ ಸಣ್ಣ ತೀರ್ಮಾನವೂ ಭಾರವಾಗುತ್ತದೆ. ಇಲ್ಲಿ ಅಂಥ ತೀರ್ಮಾನಗಳನ್ನು ಒಂದಾದ ಮೇಲೊಂದು ಮಾಡುತ್ತೀರಿ, ಫಲ ಕೂಡಲೇ ಕಣ್ಣಿಗೆ ಬೀಳುತ್ತದೆ, ತಪ್ಪಿದರೂ ನಷ್ಟವಿಲ್ಲ. ಇನ್ನೊಂದು ಅನುಕೂಲವೂ ಇದೆ. ಮಾತಿನಲ್ಲಿ ಆಡಲಾಗದ ನೆನಪಿನ ಮೇಲೆ ಇಲ್ಲಿ ತೆಳುವಾದ ಬಟರ್ ಪೇಪರ್ ಅಂಟಿಸಿ ಅರ್ಧ ಕಾಣುವಂತೆ ಬಿಡಬಹುದು. ದುಃಖವನ್ನು ಎಷ್ಟು ತೆರೆಯಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಇದಕ್ಕೆ ಪುರಾವೆ ಏನು? ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರಿಗೆ ಕೊಲಾಜ್ ಸಾಮಗ್ರಿ, ಜೇಡಿಮಣ್ಣು, ಮಾರ್ಕರ್ ಕೊಟ್ಟು 45 ನಿಮಿಷ ಇಷ್ಟ ಬಂದದ್ದನ್ನು ಮಾಡಲು ಬಿಟ್ಟರು. ಮೊದಲೂ ಆಮೇಲೂ ಜೊಲ್ಲು ಪರೀಕ್ಷಿಸಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಇದರಲ್ಲಿ ವ್ಯತ್ಯಾಸವಿರಲಿಲ್ಲ. ನಿಮ್ಮ ಅಳುಕಿಗೆ ಇದು ನೇರ ಉತ್ತರ. ಆದರೆ ಅವರು ಆರೋಗ್ಯವಂತರು, ಸಂಖ್ಯೆ ಸಣ್ಣದು, ಹೋಲಿಸಿ ನೋಡಲು ಬೇರೊಂದು ಗುಂಪಿರಲಿಲ್ಲ. ಒಂದು ಸಲದ ಇಳಿಕೆಯನ್ನು ಖಿನ್ನತೆ ವಾಸಿಯಾಯಿತು ಎಂದು ಓದಬಾರದು.

ಎದುರು ಪುರಾವೆಯೂ ಇದೆ, ಮುಚ್ಚಿಡುವಂಥದ್ದಲ್ಲ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಎಂದಿನ ಚಿಕಿತ್ಸೆಗೆ ಗುಂಪು ಕಲಾ ಚಿಕಿತ್ಸೆ ಸೇರಿಸಿದ್ದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಕರೆದರೂ ಅನೇಕರು ತರಗತಿಗೆ ಸರಿಯಾಗಿ ಬಂದಿರಲೇ ಇಲ್ಲ. ಹಾಗಾದರೆ ಇದೆಲ್ಲ ಬರೀ ಹೊತ್ತು ಕಳೆಯುವ ದಾರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಯಿಲೆಯೂ ಬೇರೆ, ನಿರೀಕ್ಷೆಯೂ ಬೇರೆ. ಆ ಕಾಯಿಲೆಯಲ್ಲಿ ಎಂದಿನ ಚಿಕಿತ್ಸೆಗೆ ಕಲೆಯನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ ಎಂಬಷ್ಟನ್ನು ಆ ಪ್ರಯೋಗ ಹೇಳುತ್ತದೆ. ದುಃಖದಲ್ಲಿರುವವರು ತಮ್ಮ ನೆನಪುಗಳ ಜೊತೆ ತಾಳ್ಮೆಯಿಂದ ಕೂರಲು ಅದು ನೆರವಾಗುವುದಿಲ್ಲ ಎಂದು ಹೇಳುವುದಿಲ್ಲ. ನಿಮ್ಮ ಸೀಮೆಯಲ್ಲಿ ಹಳೆ ಸೀರೆ, ಧೋತರದ ಚೂರು ಹೊಂದಿಸಿ ಕೌದಿ ಹೊಲಿಯುವವರನ್ನು ನೋಡಿಯೇ ಇರುತ್ತೀರಿ. ಈ ಕೆಲಸ ನೀವು ಅಂದುಕೊಂಡಷ್ಟು ಪರಕೀಯವಲ್ಲ.

ಕೆಲವು ಎಚ್ಚರಿಕೆ ಇರಲಿ. ಕಲೆ ಕಲಿಸುವ ಮೇಷ್ಟ್ರು ಚಿಕಿತ್ಸಕರಲ್ಲ, ಆದ್ದರಿಂದ ಸಮಾಲೋಚನೆ ನಿಲ್ಲಿಸಬೇಡಿ. ಯಜಮಾನರ ಮೂಲ ಫೋಟೊ, ಪತ್ರಗಳನ್ನು ಕತ್ತರಿಸಬೇಡಿ, ಜೆರಾಕ್ಸ್ ಮಾಡಿಸಿಕೊಳ್ಳಿ; ಒಮ್ಮೆ ಅಂಟಿಸಿದ್ದು ಮರಳಿ ಬರುವುದಿಲ್ಲ. ಅಳು ಬಂದರೆ ಗಾಬರಿ ಬೇಡ. ಆದರೆ ತರಗತಿಯ ನಂತರ ದಿನಗಟ್ಟಲೆ ನಿದ್ರೆ ಕೆಟ್ಟರೆ ಬಿಡುವು ಕೊಟ್ಟು ಆಪ್ತಸಮಾಲೋಚಕರಿಗೆ ತಿಳಿಸಿ. ಬದುಕೇ ಬೇಡ ಅನ್ನಿಸಿದರೆ ಮುಂದಿನ ಭೇಟಿಗೆ ಕಾಯದೆ ಮನೆಯವರಿಗೆ ಹೇಳಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.