ಚಂದ್ರನಲ್ಲಿ ಒಂದು ಕೆ.ಜಿ. ಬೆಲ್ಲ



ಚಂದ್ರನ ಮೇಲೆ ವಸ್ತುವಿನ ತೂಕ ಆರನೇ ಒಂದು ಭಾಗವಾಗುತ್ತದೆ ಎಂದು ನೀವು ಓದಿರುತ್ತೀರಿ. ನಾನು ಒಮ್ಮೆ ಹೀಗೆ ಹೇಳಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇಲ್ಲಿಂದ ಒಂದು ಕೆ.ಜಿ. ಬೆಲ್ಲ ತಗೊಂಡು ಹೋದರೆ ಅಲ್ಲಿ ತಿನ್ನೋಕೆ ಅಷ್ಟೂ ಸಿಗುತ್ತಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ.

ಬೆಲ್ಲ ಒಂದು ಚೂರೂ ಕಡಿಮೆಯಾಗುವುದಿಲ್ಲ. ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣವೇ ದ್ರವ್ಯರಾಶಿ. ಅದು ಇಲ್ಲಿಯೂ 1 ಕೆ.ಜಿ., ಅಲ್ಲಿಯೂ 1 ಕೆ.ಜಿ. ತೂಕವೆಂದರೆ ಆ ಬೆಲ್ಲವನ್ನು ಕೆಳಕ್ಕೆ ಎಳೆಯುವ ಗುರುತ್ವ ಬಲ. ಭೂಮಿ ಅದನ್ನು ಸುಮಾರು 9.8 ನ್ಯೂಟನ್ ಬಲದಿಂದ ಎಳೆಯುತ್ತದೆ. ಚಂದ್ರ ಎಳೆಯುವುದು ಸುಮಾರು 1.6 ನ್ಯೂಟನ್ ಬಲದಿಂದ ಮಾತ್ರ.

ಸಂತೆಯ ಎರಡು ತಟ್ಟೆಗಳ ತಕ್ಕಡಿಯನ್ನು ಚಂದ್ರನಿಗೆ ಒಯ್ದೆವು ಎಂದುಕೊಳ್ಳಿ. ಅಲ್ಲಿ ಬೆಲ್ಲದ ಮೇಲಿನ ಎಳೆತ ಕಡಿಮೆಯಾದಷ್ಟೇ ತೂಕದ ಕಲ್ಲಿನ ಮೇಲಿನ ಎಳೆತವೂ ಕಡಿಮೆ. ಹಾಗಾಗಿ ಮುಳ್ಳು ನಡುವೆಯೇ ನಿಲ್ಲುತ್ತದೆ. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿಯಾದರೆ ಸುಮಾರು 165 ಗ್ರಾಂ ತೋರಿಸುತ್ತದೆ. ಏಕೆಂದರೆ ಅದರ ಗುರುತುಗಳನ್ನು ಹಾಕಿರುವುದು ಭೂಮಿಯ ಎಳೆತಕ್ಕೆ ತಕ್ಕಂತೆ. (ಅದನ್ನೇ ನಂಬಿ ಚಂದ್ರನಲ್ಲಿ 'ಒಂದು ಕೆ.ಜಿ.' ಬೆಲ್ಲ ತೂಗಿದ ವ್ಯಾಪಾರಿ ಆರು ಕೆ.ಜಿ. ಕೊಟ್ಟಿರುತ್ತಾನೆ, ಪಾಪ!)

ತಕ್ಕಡಿಯೇ ಇಲ್ಲದೆ ದ್ರವ್ಯರಾಶಿಯನ್ನು ತಿಳಿಯಬಹುದೇ? ಮಾಡಿ ನೋಡಿ. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಒಂದು ಖಾಲಿ ಇರಲಿ, ಇನ್ನೊಂದಕ್ಕೆ ಮರಳು ತುಂಬಿ. ಒಂದೇ ಉದ್ದದ ಗಟ್ಟಿ ದಾರದಿಂದ ಮರದ ಕೊಂಬೆಗೆ ಕಟ್ಟಿ. ಬಾಟಲಿಯ ಭಾರವನ್ನು ಈಗ ದಾರ ಹೊತ್ತಿದೆ, ನಿಮ್ಮ ಕೈ ಅಲ್ಲ. ಬೆರಳಿನಿಂದ ಎರಡನ್ನೂ ಥಟ್ಟನೆ ಪಕ್ಕಕ್ಕೆ ತಳ್ಳಿ. ಖಾಲಿ ಬಾಟಲಿ ಹಾರಿದಂತೆ ಹೋಗುತ್ತದೆ, ಮರಳಿನದು ಮೊಂಡು ಹಿಡಿಯುತ್ತದೆ. ತೂಗಾಡುತ್ತಿರುವಾಗ ತಡೆದು ನೋಡಿ, ಆಗಲೂ ಅದರದೇ ಹಟ. ಬೆರಳಿಗೆ ತಿಳಿದದ್ದು ದ್ರವ್ಯರಾಶಿ. ಚಂದ್ರನ ಮೇಲೆ ಹೀಗೆ ಥಟ್ಟನೆ ತಳ್ಳಿದರೂ ಬೆರಳಿಗೆ ಅಷ್ಟೇ ಕಷ್ಟ.

1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಬಜ್ ಆಲ್ಡ್ರಿನ್ ಅವರಿಗೆ ಇದು ಅನುಭವಕ್ಕೆ ಬಂತು. ಅಲ್ಲಿ ಜಿಗಿಯುವುದು ಸುಲಭ, ಆದರೆ ಓಡುತ್ತಿದ್ದವರು ನಿಲ್ಲಬೇಕಾದರೆ ಕೆಲವು ಹೆಜ್ಜೆ ಮೊದಲೇ ಯೋಚಿಸಬೇಕಿತ್ತು. ತೂಕ ಕಡಿಮೆಯಾದ್ದರಿಂದ ನೆಲದ ಹಿಡಿತ ಕಡಿಮೆ, ದ್ರವ್ಯರಾಶಿ ಮಾತ್ರ ಇದ್ದಷ್ಟೇ!

ಈಗ ನಿಮಗೊಂದು ಲೆಕ್ಕ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅದರೊಂದಿಗೆ ಹೋದ ಪ್ರಜ್ಞಾನ್ ರೋವರ್‌ನ ದ್ರವ್ಯರಾಶಿ 26 ಕೆ.ಜಿ. ಅದನ್ನು ಅಲ್ಲಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದರೆ ಮುಳ್ಳು ಎಲ್ಲಿ ನಿಲ್ಲುತ್ತದೆ? ಎರಡು ತಟ್ಟೆಗಳ ತಕ್ಕಡಿಯಲ್ಲಿ ತೂಗಲು ಎಷ್ಟು ಕೆ.ಜಿ. ಕಲ್ಲು ಬೇಕು? ಉತ್ತರವನ್ನು ಕಾರಣದೊಂದಿಗೆ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.