ಸೋಲ್‌ಗೆ ಹೊರಟವಳಿಗೆ

ಚಿ. ಪುಟ್ಟಿಗೆ,

ಭಾನುವಾರ ನೀನು ಫೋನಿನಲ್ಲಿ ಹೇಳಿದ ವಿಷಯವನ್ನು ನಿಮ್ಮಮ್ಮನ ಕಿವಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ಅದು ನೀನೇ ಹೇಳಬೇಕಾದದ್ದು. ನೀನು ಕಳಿಸಿದ ಕ್ಲಿನಿಕ್ಕಿನ ಕಾಗದಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಕೂತು ಓದಿದೆ. ದವಡೆಯ ಮೂಳೆ ಕೊರೆದು ಮುಖ ಕಿರಿದು ಮಾಡುವ ವಿ-ಲೈನ್ ಆಪರೇಷನ್, ಹೋಟೆಲ್, ಏರ್‌ಪೋರ್ಟಿಗೆ ಕಾರು, ದುಭಾಷಿ, ಎಲ್ಲ ಸೇರಿ ಒಂದೇ ಮೊತ್ತ. ಮುಂಚಿನ ಮತ್ತು ನಂತರದ ಫೋಟೊಗಳನ್ನು ಜಾಹೀರಾತಿಗೆ ಬಳಸಲು ಒಪ್ಪಿದರೆ ರಿಯಾಯಿತಿ ಬೇರೆ. ಫೋನಿನಲ್ಲಿ ಮಾತಾಡಿ ಮುಗಿಸುವಂಥದ್ದಲ್ಲ ಇದು. ಅದಕ್ಕೇ ಕಾಗದ ಹಿಡಿದೆ.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಆಸೆ ತಪ್ಪೆಂದು ನನಗೆ ಅನ್ನಿಸಿಲ್ಲ. ಅಗಲ ದವಡೆ ನಮ್ಮ ತಂದೆಯ ಕಡೆಯಿಂದ ಬಂದದ್ದು, ನನಗೂ ಇದೆ. ಶಾಲೆಯಲ್ಲಿ, ಕಾಲೇಜಿನಲ್ಲಿ ನಿನ್ನನ್ನು ಏನೇನು ಕರೆದರೆಂದು ನನಗೆ ಗೊತ್ತು. ‘ಇರುವ ಹಾಗೇ ಚೆನ್ನಾಗಿದ್ದೀಯ’ ಎಂದುಬಿಟ್ಟರೆ ಅದು ನಿನ್ನ ಮಾತಿಗೆ ಉತ್ತರವಾಗುವುದಿಲ್ಲ. ನೀನು ಕೇಳಿದ್ದು, ಕೊರಿಯಾದ ಸೋಲ್‌ಗೆ ಹೋಗಿ ಮಾಡಿಸಿಕೊಳ್ಳುವುದು ಸುರಕ್ಷಿತವೇ ಎಂದು. ವೃತ್ತಿಯ ಬಹುಕಾಲವನ್ನು ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರಾಗಿ ಕಳೆದವಳು ನಾನು. ಅಷ್ಟಕ್ಕೆ ಮಾತ್ರ ಉತ್ತರ ಹೇಳುತ್ತೇನೆ.

ಆ ಆಪರೇಷನ್ನಿನಲ್ಲಿ ಏನು ನಡೆಯುತ್ತದೆ ಗೊತ್ತಾ? ಹೊರಗೆ ಗಾಯದ ಗುರುತು ಕಾಣಬಾರದೆಂದು ಬಾಯೊಳಗಿಂದಲೇ ಒಸಡಿನ ಬುಡ ಕೊಯ್ದು, ಮೂಳೆಗೆ ಅಂಟಿದ ಮಾಂಸವನ್ನು ಎಬ್ಬಿಸಿ, ಕಿವಿಯ ಕೆಳಗಿನ ಮೂಲೆಯನ್ನು ಗರಗಸದಿಂದ ಕತ್ತರಿಸುತ್ತಾರೆ. ಗದ್ದದ ಮೂಳೆಯನ್ನೂ ತುಂಡು ಮಾಡಿ ಕಿರಿದಾಗಿ ಕೂಡಿಸಿ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಜಾಗ ಬಹಳ ಇಕ್ಕಟ್ಟು. ಕೆಳತುಟಿಗೆ ಹೋಗುವ ನರ ಆ ಮೂಳೆಯ ಒಳಗೇ ಹಾದುಹೋಗುತ್ತದೆ. ಮುಖಕ್ಕೆ ರಕ್ತ ಒಯ್ಯುವ ನಾಳ ದವಡೆಯ ಅಂಚನ್ನು ಸುತ್ತಿಕೊಂಡೇ ಮೇಲೇರುತ್ತದೆ. ಬೈಕ್ ಅಪಘಾತದಲ್ಲಿ ದವಡೆ ಮುರಿದು ಬಂದ ಹುಡುಗರನ್ನು ನಾನು ಎಷ್ಟೋ ನೋಡಿದ್ದೇನೆ. ನರಕ್ಕೆ ಪೆಟ್ಟಾದವರು ಊಟ ಮಾಡುವಾಗ ಕೆಳತುಟಿಯ ಮೇಲೆ ಅನ್ನದ ಅಗುಳು ಅಂಟಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ, ಎದುರಿಗೆ ಕೂತವರು ಹೇಳಬೇಕಾಗುತ್ತಿತ್ತು. ಕೆಲವರಿಗೆ ತಿಂಗಳುಗಳಲ್ಲಿ ಸ್ಪರ್ಶ ಮರಳಿತು, ಕೆಲವರಿಗೆ ಪೂರ್ತಿ ಮರಳಲೇ ಇಲ್ಲ. ನಿನ್ನ ಕ್ಲಿನಿಕ್ಕಿನ ಕಾಗದದಲ್ಲಿ ಇದಕ್ಕೆ ‘ತಾತ್ಕಾಲಿಕ ಮರಗಟ್ಟುವಿಕೆ’ ಎಂಬ ಎರಡೇ ಪದಗಳಿವೆ.

ಇನ್ನು ರಕ್ತದ ವಿಷಯ. ಸಕ್ಷನ್ ಜಾರಿನಲ್ಲಿ ಎಷ್ಟು ತುಂಬಿತು, ಒದ್ದೆಯಾದ ಗಾಜ್ ಬಟ್ಟೆ ತೂಗಿದರೆ ಎಷ್ಟು ಬಂತು, ಇದರ ಲೆಕ್ಕ ಇಡುವುದು ನಮ್ಮ ಕೆಲಸವಾಗಿತ್ತು. ನಾವು ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಿದ್ದೆವು, ಅರಿವಳಿಕೆ ಡಾಕ್ಟರು ತಲೆ ಎತ್ತಿ ನೋಡುತ್ತಿದ್ದರು, ಅಗತ್ಯವಿದ್ದರೆ ಬ್ಲಡ್ ಬ್ಯಾಂಕಿಗೆ ಫೋನ್ ಹೋಗುತ್ತಿತ್ತು. ನಿನ್ನ ತೂಕದವರ ಮೈಯಲ್ಲಿ ಇರುವ ರಕ್ತವೇ ನಾಲ್ಕು ಲೀಟರಿನ ಆಸುಪಾಸು. ಲೆಕ್ಕ ಇಡುವವರು ಒಬ್ಬರು ಗಮನ ಬೇರೆ ಕಡೆ ಹರಿಸಿದರೂ ಸಾಕು, ತಡವಾಗಿಬಿಡುತ್ತದೆ.

ಕ್ವಾನ್ ದೇ-ಹೀ ಎಂಬ ಹುಡುಗನ ಕಥೆಯನ್ನು ನೀನು ಓದಲೇಬೇಕು. ಕೊರಿಯಾದವನೇ, ವಿದ್ಯಾರ್ಥಿ, ವಯಸ್ಸು 24. ನಿನ್ನ ಹಾಗೆಯೇ ದವಡೆಯ ಆಪರೇಷನ್ ಬಯಸಿದವನು. ಮುಖ್ಯ ವೈದ್ಯರೇ ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುತ್ತಾರೆಂದು ನಂಬಿ 2016ರ ಸೆಪ್ಟೆಂಬರಿನಲ್ಲಿ ಒಂದು ಕ್ಲಿನಿಕ್ಕಿಗೆ ಹೋದ. ಮುಖ್ಯ ವೈದ್ಯ ಮೂಳೆ ಕತ್ತರಿಸಿ ಇನ್ನೊಂದು ಥಿಯೇಟರಿಗೆ ನಡೆದ. ಉಳಿದದ್ದನ್ನು ಮುಗಿಸಿದವನು ಆಗಷ್ಟೇ ಪದವಿ ಮುಗಿಸಿದ ಸಾಮಾನ್ಯ ವೈದ್ಯ. ಒಂದೇ ಹೊತ್ತಿನಲ್ಲಿ ಹಲವು ಆಪರೇಷನ್‌ಗಳು ಸಾಗುತ್ತಿದ್ದವು. ವೈದ್ಯರಿಲ್ಲದ ಹೊತ್ತಿನಲ್ಲಿ ರಕ್ತ ಒತ್ತಿ ಹಿಡಿದು ಕೂತವರು ಸಹಾಯಕಿಯರು. ಮೂರು ಲೀಟರಿಗೂ ಹೆಚ್ಚು ರಕ್ತ ಹೋಗಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರೂ ಪ್ರಜ್ಞೆ ಬರಲಿಲ್ಲ, ಕೆಲವು ವಾರಗಳ ಮೇಲೆ ತೀರಿಕೊಂಡ.

ಇಷ್ಟೆಲ್ಲ ಹೊರಗೆ ಬಂದದ್ದು ಆ ಥಿಯೇಟರಿನಲ್ಲಿದ್ದ ಸಿಸಿಟಿವಿಯಿಂದ. ಅವನ ತಾಯಿ ಲೀ ನಾ-ಗುಮ್ ಆ ದೃಶ್ಯಗಳನ್ನು ನೂರಾರು ಸಲ ನೋಡಿದರು. ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ನೆಲದ ರಕ್ತವನ್ನು ಎಷ್ಟು ಸಲ ಒರೆಸಿದರು ಎಂದು ಬರೆದಿಟ್ಟುಕೊಂಡರು. ಮಗನ ರಕ್ತ ಹರಿದುಹೋಗುವುದನ್ನು ತಾಯಿಯೊಬ್ಬಳು ಅಷ್ಟು ಸಲ ನೋಡಿದ್ದಾಳೆ, ಪುಟ್ಟಿ. ಸಂಸತ್ತಿನ ಮುಂದೆ ಫಲಕ ಹಿಡಿದು ವರ್ಷಗಟ್ಟಲೆ ನಿಂತರು. 2021ರಲ್ಲಿ ಆ ಮುಖ್ಯ ವೈದ್ಯನಿಗೆ ಮೂರು ವರ್ಷ ಜೈಲು ಶಿಕ್ಷೆಯಾಯಿತು. ಅದೇ ವರ್ಷ ಆಪರೇಷನ್ ಥಿಯೇಟರಿನಲ್ಲಿ ಕ್ಯಾಮೆರಾ ಕಡ್ಡಾಯ ಮಾಡುವ ಕಾನೂನು ಬಂತು, 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಆದರೆ ರೋಗಿ ಕೇಳಿಕೊಂಡರಷ್ಟೇ ಚಿತ್ರೀಕರಣ. ದೃಶ್ಯವನ್ನು ಉಳಿಸಿಕೊಳ್ಳಬೇಕಾದದ್ದು ಮೂವತ್ತು ದಿನ. ನಿನಗೆ ಕಳಿಸಿದ ಇಂಗ್ಲಿಷ್ ಕಾಗದಗಳಲ್ಲಿ ಹುಡುಕಿದೆ, ಈ ಹಕ್ಕಿನ ಸುದ್ದಿಯೇ ಇಲ್ಲ.

ಕೊರಿಯಾದ ವೈದ್ಯರು ಕೆಟ್ಟವರೆಂದು ಇದರ ಅರ್ಥವಲ್ಲ. ದವಡೆಯ ಕೆಲಸದಲ್ಲಿ ಅವರಷ್ಟು ಕೈ ಪಳಗಿದವರು ಜಗತ್ತಿನಲ್ಲಿ ಕಡಿಮೆ. 2024ರಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ವಿದೇಶಿ ರೋಗಿಗಳು ಆ ದೇಶಕ್ಕೆ ಹೋಗಿದ್ದಾರೆ, ಹೆಚ್ಚಿನವರು ಚರ್ಮದ ಚಿಕಿತ್ಸೆಗೆ. ಬಹುಪಾಲು ಜನ ನಗುತ್ತಲೇ ಮರಳಿದ್ದಾರೆ. ನನ್ನ ಪ್ರಶ್ನೆ ಬೇರೆ. ನಿನಗೆ ಪ್ರಜ್ಞೆ ತಪ್ಪಿಸಿದ ಮೇಲೆ ಕತ್ತರಿ ಹಿಡಿಯುವವರು ಯಾರು? ಅಲ್ಲಿ ವೈದ್ಯ ಪದವಿ ಇರುವ ಯಾರು ಬೇಕಾದರೂ ಸೌಂದರ್ಯದ ಆಪರೇಷನ್ ಮಾಡಬಹುದು, ಪ್ಲಾಸ್ಟಿಕ್ ಸರ್ಜನ್ ಆಗಿರಲೇಬೇಕೆಂದಿಲ್ಲ. ಆದರೆ ತಜ್ಞರಲ್ಲದವರು ಕ್ಲಿನಿಕ್ಕಿನ ಹೆಸರಿನೊಳಗೇ ‘ಪ್ಲಾಸ್ಟಿಕ್ ಸರ್ಜರಿ’ ಸೇರಿಸುವಂತಿಲ್ಲ, ‘ಚಿಕಿತ್ಸಾ ವಿಭಾಗ’ ಎಂದು ಹಾಕಿ ಪ್ರತ್ಯೇಕವಾಗಿ ಬರೆಯಬೇಕು. ಡ್ರಾಮಾ ನೋಡಿ ನೋಡಿ ಕೊರಿಯನ್ ಅಕ್ಷರ ಕಲಿತಿದ್ದೀಯಲ್ಲ, ನಿನ್ನ ಕ್ಲಿನಿಕ್ಕಿನ ಬೋರ್ಡಿನ ಚಿತ್ರ ತೆರೆದು ಓದು.

ಎರಡನೆಯ ಪ್ರಶ್ನೆ, ನಿನ್ನ ಉಸಿರು ಕಾಯುವವರು ಯಾರು? 2020ರ ಜನವರಿಯಲ್ಲಿ ಹಾಂಕಾಂಗ್‌ನ ಬೊಸಿನಿ ಬಟ್ಟೆ ಕಂಪನಿ ಸ್ಥಾಪಕರ ಮೊಮ್ಮಗಳು ಸೋಲ್‌ಗೆ ಹೋಗಿ ಕೊಬ್ಬು ತೆಗೆಸಿಕೊಳ್ಳುವಾಗ ತೀರಿಕೊಂಡಳು. ಅರಿವಳಿಕೆ ತಜ್ಞರೇ ಇರಲಿಲ್ಲವೆಂಬುದು ಮನೆಯವರ ದೂರು. ಹಣಕ್ಕೆ ಕೊರತೆಯಿದ್ದ ಮನೆತನವಲ್ಲ ಅದು. ದವಡೆಯ ಆಪರೇಷನ್ ಆದ ರಾತ್ರಿ ಬಾಯಿ, ಗಂಟಲು ಊದಿ ಉಸಿರಿನ ದಾರಿಯೇ ಇಕ್ಕಟ್ಟಾಗಬಹುದು. ಆ ರಾತ್ರಿ ಕ್ಲಿನಿಕ್ಕಿನಲ್ಲಿ ಯಾರಿರುತ್ತಾರೆಂದು ನಿನ್ನ ಕೋಆರ್ಡಿನೇಟರ್ ಹುಡುಗಿಯನ್ನು ಕೇಳಿದೆಯಾ? ಅವಳು ಒಳ್ಳೆಯವಳೇ ಇರಬಹುದು, ಆದರೆ ಅವಳಿಗೆ ಸಂಬಳ ಕೊಡುವುದು ಕ್ಲಿನಿಕ್ಕು. ಒಪ್ಪಿಗೆ ಪತ್ರ ಕೊರಿಯನ್ ಭಾಷೆಯಲ್ಲಿ, ಅದನ್ನು ನಿನಗೆ ವಿವರಿಸುವವಳೂ ಅವಳೇ.

ಬೇರೆ ದೇಶಗಳಲ್ಲೂ ಇದೇ ಹಾಡು. ಕಡಿಮೆ ಖರ್ಚೆಂದು ಡೊಮಿನಿಕನ್ ರಿಪಬ್ಲಿಕ್‌ಗೆ ಹೋದ ಅಮೆರಿಕನ್ನರಲ್ಲಿ 2009ರಿಂದ 2022ರೊಳಗೆ 93 ಮಂದಿ ಸೌಂದರ್ಯದ ಆಪರೇಷನ್ನಿನ ನಂತರ ತೀರಿಕೊಂಡರೆಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕ ಕೊಟ್ಟಿದೆ. ಶ್ವಾಸಕೋಶಕ್ಕೆ ಕೊಬ್ಬಿನ ಕಣವೋ ರಕ್ತದ ಹೆಪ್ಪೋ ಹೋಗಿ ಸಿಕ್ಕಿಕೊಳ್ಳುವುದೇ ಮುಖ್ಯ ಕಾರಣ. ಈ ಹೆಪ್ಪಿನ ವಿಷಯವನ್ನು ಸ್ವಲ್ಪ ಗಮನವಿಟ್ಟು ಓದು. ಪಿಸಿಓಡಿಗೆಂದು ನೀನು ನುಂಗುತ್ತಿರುವ ಹಾರ್ಮೋನ್ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಆಪರೇಷನ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದರ ಮೇಲೆ ಗಂಟೆಗಟ್ಟಲೆ ಕಾಲು ಮಡಿಸಿ ಕೂರುವ ವಿಮಾನ ಪ್ರಯಾಣ. ಮುಖದ ಆಪರೇಷನ್ ಆದವರು ಏಳರಿಂದ ಹತ್ತು ದಿನ ವಿಮಾನ ಹತ್ತಬಾರದೆಂದು ಅದೇ ಸಿಡಿಸಿ ಹೇಳುತ್ತದೆ. ನಿನ್ನ ಪ್ಯಾಕೇಜಿನಲ್ಲಿ ಆಪರೇಷನ್ ಆದ ಐದನೆಯ ದಿನವೇ ವಾಪಸ್ ಟಿಕೆಟ್. ಬಾಯಲ್ಲಿ ಹೊಲಿಗೆ ಇಟ್ಟುಕೊಂಡು, ಗಂಜಿ ಕುಡಿಯುತ್ತಾ, ನಡುವೆ ಬ್ಯಾಂಕಾಕ್‌ನಲ್ಲೋ ಸಿಂಗಪುರದಲ್ಲೋ ವಿಮಾನ ಬದಲಿಸಿಕೊಂಡು ಒಬ್ಬಳೇ ಬರಬೇಕು. ಅವರು ಕಳಿಸಿದ ಆರೋಗ್ಯದ ಫಾರ್ಮಿನಲ್ಲಿ ‘ಈಗ ತೆಗೆದುಕೊಳ್ಳುತ್ತಿರುವ ಔಷಧಿ’ ಎಂಬಲ್ಲಿ ನೀನು ‘ಇಲ್ಲ’ ಎಂದು ಬರೆದಿದ್ದೀಯ. ಪಿಸಿಓಡಿ ಮಾತ್ರೆ ಔಷಧಿಯಲ್ಲವೇ?

ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ನೀನು ಬೆಂಗಳೂರಿಗೆ ಬಂದಿಳಿದ ಮೇಲಿನ ದಿನಗಳದ್ದು. ಆಪರೇಷನ್ನಿನ ಅರ್ಧ ಕೆಲಸ ಥಿಯೇಟರಿನಾಚೆಗೆ ಇರುತ್ತದೆ. ಊತ ಇಳಿದು ಮುಖ ಒಂದು ರೂಪಕ್ಕೆ ಬರಲು ಆರು ತಿಂಗಳಾದರೂ ಬೇಕು. ಆ ನಡುವೆ ಕೀವಾಗಬಹುದು, ಸ್ಕ್ರೂ ಸಡಿಲವಾಗಬಹುದು, ಎರಡು ಬದಿ ಸಮ ಕಾಣದೇ ಇರಬಹುದು. ರಾತ್ರಿ ಹನ್ನೊಂದಕ್ಕೆ ಜ್ವರ ಏರಿದರೆ ಯಾವ ಡಾಕ್ಟರ ಬಳಿ ಹೋಗುತ್ತೀಯ? ಒಳಗೆ ಏನು ಮಾಡಿದ್ದಾರೆಂದು ಗೊತ್ತಿಲ್ಲದ ಕೇಸನ್ನು ಮುಟ್ಟಲು ಇಲ್ಲಿನ ಸರ್ಜನ್‌ಗಳು ಹಿಂದೆಮುಂದೆ ನೋಡುತ್ತಾರೆ, ಅವರದ್ದೂ ತಪ್ಪಲ್ಲ. ಸೌಂದರ್ಯದ ಆಪರೇಷನ್ನನ್ನು ಆರೋಗ್ಯ ವಿಮೆಯಿಂದ ಹೊರಗಿಡಲು ಐಆರ್‌ಡಿಎಐನ ಷರತ್ತಿನಲ್ಲೇ ಅವಕಾಶವಿದೆ, ನಿನ್ನ ಆಫೀಸಿನ ಪಾಲಿಸಿ ತೆಗೆದು ನೋಡು. ಇಲ್ಲಿನ ಆಸ್ಪತ್ರೆಯಾದರೆ 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಗ್ರಾಹಕರ ಆಯೋಗದ ಬಾಗಿಲಾದರೂ ತೆರೆದಿದೆ. ಕೊರಿಯಾದಲ್ಲೂ ವೈದ್ಯಕೀಯ ವಿವಾದ ಬಗೆಹರಿಸುವ ಸಂಸ್ಥೆ ಇದೆ, ಆದರೆ ಊದಿದ ಮುಖ ಹೊತ್ತು ಇಲ್ಲಿಂದ ಅಲ್ಲಿಗೆ ಓಡಾಡುವ ಶಕ್ತಿ ಯಾರಿಗಿರುತ್ತದೆ?

ಬೆಂಗಳೂರಾದರೆ ಅಪಾಯವಿಲ್ಲವೆಂದು ನಾನು ಹೇಳಲಾರೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸಲು ಹೋಗಿ ಅದೇ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು. ಅವಳಿಗಿನ್ನೂ 21. ಆಪರೇಷನ್ ವಿಷಯ ತಂದೆತಾಯಿಗೆ ಮೊದಲೇ ತಿಳಿದಿರಲಿಲ್ಲವಂತೆ. ಆ ಸುದ್ದಿ ನೋಡಿದ ದಿನ ನಿಮ್ಮಮ್ಮ ನನಗೆ ಫೋನ್ ಮಾಡಿ ಅತ್ತಿದ್ದಳು.

ಇಷ್ಟೆಲ್ಲ ಓದಿ, ಯೋಚಿಸಿ ನನ್ನ ತೀರ್ಮಾನ ಹೇಳುತ್ತೇನೆ. ದವಡೆ ಕೊರೆಸಲು ಸೋಲ್‌ಗೆ ಹೋಗಬೇಡ. ಅಗಲ ದವಡೆಗೆ ಎಲ್ಲ ಸಲವೂ ಮೂಳೆಯೇ ಕಾರಣವಲ್ಲ. ಹಲ್ಲು ಕಚ್ಚಿ ಹಿಡಿದಾಗ ಕಿವಿಯ ಕೆಳಗೆ ಉಬ್ಬುವ ಮಾಂಸಖಂಡವೂ ಮುಖವನ್ನು ಅಗಲ ಕಾಣಿಸುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ನಿನಗೆ ಚಿಕ್ಕಂದಿನಿಂದ ಇದೆ, ರಜೆಗೆ ಬಂದಾಗ ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು ನೀನು. ಕಾರಣ ಅದೇ ಆದರೆ ಮೂಳೆ ಮುಟ್ಟದೆ ಇಂಜೆಕ್ಷನ್ನಿನಿಂದಲೇ ಆ ಮಾಂಸವನ್ನು ಸಣ್ಣ ಮಾಡಬಹುದು. ಅದು ಕೆಲವು ತಿಂಗಳು ನಿಲ್ಲುತ್ತದೆ. ಮನಸ್ಸಿಗೆ ಹಿಡಿಸದಿದ್ದರೆ ತಾನಾಗಿ ಮೊದಲಿನಂತಾಗುತ್ತದೆ. ಸೋಲ್‌ನವರು ನಿನ್ನ ಮೂರು ಫೋಟೊ ನೋಡಿಯೇ ಮೂಳೆ ತೆಗೆಯಬೇಕೆಂದು ಹೇಳಿಬಿಟ್ಟರು. ಒಬ್ಬರಾದರೂ ದವಡೆ ಮುಟ್ಟಿ ನೋಡಿದರಾ?

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರನ್ನೋ, ಮುಖ-ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರನ್ನೋ ಬೆಂಗಳೂರಿನಲ್ಲೇ ಮೊದಲು ಕಾಣೋಣ. ಒಬ್ಬರಲ್ಲ, ಇಬ್ಬರನ್ನು ಕಾಣೋಣ. ಎಕ್ಸ್‌ರೇ ತೆಗೆಯಲಿ, ಕೈಯಿಂದ ಮುಟ್ಟಿ ನೋಡಲಿ. ಆಮೇಲೂ ನಿನಗೆ ಆಪರೇಷನ್ನೇ ಬೇಕೆನ್ನಿಸಿದರೆ, ಮಾರನೆಯ ದಿನವೂ ಆರನೆಯ ತಿಂಗಳೂ ನಿನ್ನನ್ನು ನೋಡಬಲ್ಲ ಡಾಕ್ಟರ ಕೈಯಲ್ಲಿ, ಐಸಿಯು ಇರುವ ಆಸ್ಪತ್ರೆಯಲ್ಲಿ ಮಾಡಿಸಿಕೋ. ನಾನು ಬೇಡವೆನ್ನುವುದಿಲ್ಲ. ಆ ರಾತ್ರಿ ಹಾಸಿಗೆಯ ಪಕ್ಕದಲ್ಲಿ ನಾನಿರುತ್ತೇನೆ.

ಮುಂಗಡ ಕಟ್ಟಲು ಕೊನೆಯ ದಿನ ಈ ಶುಕ್ರವಾರ ಎಂದೆಯಲ್ಲ, ಕಟ್ಟಬೇಡ. ರಿಯಾಯಿತಿ ಹೋದರೆ ಹೋಗಲಿ. ಗುರುವಾರ ರಾತ್ರಿಯ ರೈಲಿಗೆ ನಾನು ಬೆಂಗಳೂರಿಗೆ ಬರುತ್ತಿದ್ದೇನೆ. ಅಷ್ಟರೊಳಗೆ ನಿಮ್ಮಮ್ಮನಿಗೆ ನೀನೇ ಹೇಳಿರು.

ನಿನ್ನ ಪ್ರೀತಿಯ
ದೊಡ್ಡಮ್ಮ