ಹಳೇ ವ್ಯಾನಿನ ಪೈಪು, ಗಾಲಿ, ಬಣ್ಣ: ಸುಗ್ಗಿಗೆ ಮೊದಲೇ ನೋಡಿಕೊಳ್ಳಿ

ಬ್ಯಾಡಗಿ ಪೇಟೆಗೆ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಬರುವ ದಿನ. ಸುಗ್ಗಿಯಲ್ಲಿ ಆ ದಿನ ಮೋಟೆಬೆನ್ನೂರು ಕ್ರಾಸಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಲಾರಿ, ಟ್ರ್ಯಾಕ್ಟರುಗಳ ನಡುವೆ ಒಂದಾದರೂ ಹಳೇ ಮಾರುತಿ ಓಮ್ನಿ ಕಾಣಿಸುತ್ತದೆ. ಹಿಂದಿನ ಸೀಟು ಕಿತ್ತು ಚೀಲ ತುಂಬಿರುತ್ತಾರೆ, ಮುಂದೆ ಗಂಡ ಹೆಂಡತಿ, ನಡುವೆ ಬುತ್ತಿ ಗಂಟು. ಈ ವ್ಯಾನು ಬಂದದ್ದು 1984ರಲ್ಲಿ, ತಯಾರಿಕೆ ನಿಂತದ್ದು 2019ರಲ್ಲಿ. ಆದರೂ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಸಣ್ಣ ರೈತನಿಗೆ ಇದು ಚಕ್ಕಡಿಯೂ ಹೌದು, ಕಾರೂ ಹೌದು, ರಾತ್ರಿ ಹೆರಿಗೆ ನೋವು ಬಂದರೆ ಆಂಬ್ಯುಲೆನ್ಸೂ ಹೌದು.

ನಾನು ಮೆಕ್ಯಾನಿಕ್ ಅಲ್ಲ, ನಾಲ್ಕೆಕರೆಯ ರೈತ. ಇಂಜಿನ್, ಗೇರು, ಬ್ರೇಕುಗಳನ್ನು ಕಲಿತವರ ಕೈಗೇ ಬಿಡುತ್ತೇನೆ. ಆದರೆ ಪೆಟ್ರೋಲ್ ಪೈಪು, ಗಾಲಿ ಮತ್ತು ಮೈಬಣ್ಣ ಈ ಮೂರನ್ನು ವರ್ಷಕ್ಕೊಮ್ಮೆ, ಗೋವಿನಜೋಳದ ಕೆಲಸ ಮುಗಿದು ಮೆಣಸಿನಕಾಯಿ ಕೆಂಪಾಗುವ ನಡುವಿನ ಬಿಡುವಿನಲ್ಲಿ ನಾನೇ ನೋಡಿಕೊಳ್ಳುತ್ತೇನೆ. ಇವುಗಳನ್ನು ಹಾಳು ಮಾಡುವುದು ರಸ್ತೆಗಿಂತ ಹೆಚ್ಚಾಗಿ ನಮ್ಮ ಹೊಲ, ನಮ್ಮ ಗೊಬ್ಬರ, ನಮ್ಮ ಕಣಜ. ಅದು ಗ್ಯಾರೇಜಿನವರಿಗಿಂತ ನಮಗೇ ಚೆನ್ನಾಗಿ ಗೊತ್ತಿರುತ್ತದೆ.

ಮೊದಲು ಪೆಟ್ರೋಲ್ ಪೈಪು

ಮೂರರಲ್ಲಿ ಒಂದನ್ನೇ ನೋಡಲು ಪುರುಸೊತ್ತು ಇದೆ ಎಂದರೆ ಇದನ್ನೇ ನೋಡಿ. ಬಣ್ಣ ಹೋದರೆ ಅಂದ ಹೋಗುತ್ತದೆ. ಪೈಪು ಸೋರಿದರೆ ಬೆಂಕಿ. ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿ ಸೋರಿದ ಪೆಟ್ರೋಲಿನ ಮೇಲೆಯೇ ನಾವು ಕೂತಿರುತ್ತೇವೆ.

ಹಿಂದಿನ ಟ್ಯಾಂಕಿನಿಂದ ಮುಂದಿನ ಇಂಜಿನ್ನಿಗೆ ಪೆಟ್ರೋಲ್ ಬರುವುದು ಕಬ್ಬಿಣದ ಕೊಳವೆಯಲ್ಲಿ. ಆದರೆ ಕೊಳವೆಯ ತುದಿಗಳಲ್ಲಿ, ಫಿಲ್ಟರಿನ ಎರಡೂ ಕಡೆ, ಪಂಪಿನ ಹತ್ತಿರ, ಉಳಿದ ಪೆಟ್ರೋಲ್ ಟ್ಯಾಂಕಿಗೆ ಮರಳುವ ದಾರಿಯಲ್ಲಿ ರಬ್ಬರ್ ಪೈಪಿನ ತುಂಡುಗಳಿವೆ. ಪೆಟ್ರೋಲ್ ಹಾಕುವ ಬಾಯಿಗೂ ಟ್ಯಾಂಕಿಗೂ ನಡುವೆ ಒಂದು ದಪ್ಪ ರಬ್ಬರ್ ತೋಳು ಇದೆ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬಂದು ಮರುದಿನ ನಿಂತರೆ ಅನುಮಾನ ಈ ತೋಳಿನ ಮೇಲೆ.

ಈಗ ಈ ರಬ್ಬರಿಗೆ ಒಂದು ಹೊಸ ಪರೀಕ್ಷೆ ಬಂದಿದೆ. ಪೆಟ್ರೋಲಿನಲ್ಲಿ ಎಥೆನಾಲ್ ಬೆರಸುವುದು 2022ರ ಜೂನ್ ಹೊತ್ತಿಗೆ ಶೇ. 10 ಮುಟ್ಟಿತು. ಶೇ. 20 ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದ ಎಲ್ಲ ಕಡೆ ಹರಡಿತು. ಈ ಎಥೆನಾಲಿನ ದೊಡ್ಡ ಪಾಲು ಈಗ ಗೋವಿನಜೋಳದ್ದು. ನಾವು ಬೆಳೆದದ್ದೇ ತಿರುಗಿ ನಮ್ಮ ಟ್ಯಾಂಕಿಗೆ ಬರುತ್ತಿದೆ ಅನ್ನಿ. (2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂ. ಇದ್ದರೂ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಬೇಕಾಗಿ ನಮ್ಮ ಜಿಲ್ಲೆಯ ರೈತರು ರಸ್ತೆಗಿಳಿದದ್ದು ಬೇರೆ ಕತೆ. ಬಂಕಿನಲ್ಲಿ ಮಾತ್ರ ಅದೇ ಜೋಳಕ್ಕೆ ಪೆಟ್ರೋಲಿನ ದರ.)

ಎಥೆನಾಲ್ ವಿಷವಲ್ಲ. ಆದರೆ ಅದು ಹಳೇ ಜಾತಿಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಆಮೇಲೆ ಒಣಗಿದಾಗ ಬಿರುಕು ಬಿಡಿಸುತ್ತದೆ. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಅಂಟು ಕೊಳೆಯನ್ನು ತೊಳೆದು ತಂದು ಫಿಲ್ಟರಿಗೆ ತುಂಬುತ್ತದೆ. 2023ರ ಏಪ್ರಿಲಿನಿಂದ ತಯಾರಾದ ವಾಹನಗಳಿಗೆ ಇದನ್ನು ತಾಳುವ ಪೈಪು, ವಾಷರುಗಳನ್ನೇ ಹಾಕಿದ್ದಾರೆ. ನಮ್ಮ ವ್ಯಾನುಗಳು ಅದಕ್ಕೂ ಹಿಂದಿನವು. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಲೀಟರಿಗೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜು ಕಡಿಮೆಯಾಯಿತು ಅಂತ ಕಾರ್ಬುರೇಟರಿನ ತಿರುಪು ತಿರುವುತ್ತ ಕೂರಬೇಡಿ.

ಇನ್ನೊಂದು ವಿಷಯ ನೀರು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ ವ್ಯಾನಿನಲ್ಲಿ ನೀರು ಹೆಚ್ಚಾದರೆ, ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಇಂಜಿನ್ ಮೊದಲು ಎಳೆದುಕೊಳ್ಳುವುದು ತಳದ್ದನ್ನೇ. ಟ್ಯಾಂಕಿಗೆ ತುಕ್ಕು ಹಿಡಿಯುವುದೂ ಅಲ್ಲಿಂದಲೇ. ಮಳೆಗಾಲದಲ್ಲಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಪೇಟೆಗೆ ಹೋಗಿ ಬನ್ನಿ.

ಎಷ್ಟು ಎಥೆನಾಲ್ ಇದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಅಳತೆ ಗೆರೆ ಇರುವ 100 ಮಿ.ಲೀ. ಗಾಜಿನ ಜಾರಿಗೆ 10 ಮಿ.ಲೀ. ನೀರು ಹಾಕಿ, 100ರ ಗೆರೆವರೆಗೆ ಪೆಟ್ರೋಲ್ ತುಂಬಿ, ಬಾಯಿ ಮುಚ್ಚಿ ಅಲ್ಲಾಡಿಸಿ ಇಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 10ರಿಂದ ಸುಮಾರು 19ಕ್ಕೆ ಏರಿದರೆ ಶೇ. 10ರ ಪೆಟ್ರೋಲು, 28ರ ಹತ್ತಿರ ಬಂದರೆ ಶೇ. 20ರದ್ದು. ಬಯಲಲ್ಲಿ ಮಾಡಿ, ಒಲೆ, ಬೀಡಿ ಹತ್ತಿರ ಬೇಡ. ಔಷಧ ಅಳೆಯುವ ಜಾರು ಇದಕ್ಕೆ ಬಳಸಬೇಡಿ, ಇದಕ್ಕೆ ಬಳಸಿದ್ದನ್ನು ಅದಕ್ಕೂ ಬಳಸಬೇಡಿ.

ಪೈಪು ನೋಡುವ ರೀತಿ ಹೀಗೆ. ರಾತ್ರಿ ಬಾಗಿಲು, ಗಾಜು ಮುಚ್ಚಿ ನಿಲ್ಲಿಸಿ, ಬೆಳಗ್ಗೆ ತೆಗೆದ ಕೂಡಲೇ ಮೂಗು ಹಾಕಿ ನೋಡಿ. ವಾಸನೆ ಬಂದರೆ ಸೋರಿಕೆ ಇದೆ. ಹನಿ ಬೀಳಲಿಲ್ಲ ಅಂತ ಸುಮ್ಮನಾಗಬೇಡಿ, ಪೆಟ್ರೋಲ್ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ಇಂಜಿನ್ ಪೂರಾ ತಣ್ಣಗಿದ್ದಾಗ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಹತ್ತಿರ ಒಂದು ಬುಟ್ಟಿ ಮರಳು ಇಟ್ಟುಕೊಳ್ಳಿ. ಬೆಳಕಿಗೆ ಬ್ಯಾಟರಿ ಟಾರ್ಚೇ ಆಗಬೇಕು. ಪ್ರತಿ ರಬ್ಬರ್ ತುಂಡನ್ನೂ ಬೆರಳಲ್ಲಿ ಬಗ್ಗಿಸಿ ನೋಡಿ. ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟರೆ, ಅಂಟಂಟಾಗಿದ್ದರೆ, ಕ್ಲಿಪ್ಪಿನ ಹತ್ತಿರ ಊದಿಕೊಂಡಿದ್ದರೆ, ಕಟ್ಟಿಗೆಯಂತೆ ಗಟ್ಟಿಯಾಗಿದ್ದರೆ ಅದರ ಆಯುಷ್ಯ ಮುಗಿದಿದೆ.

ಹಲ್ಲಿನ ಗುರುತು ಕಂಡರೆ ಇಲಿಯ ಕೆಲಸ. ಗೋವಿನಜೋಳದ ರಾಶಿ, ಶೇಂಗಾ ಚೀಲ ಇಟ್ಟಲ್ಲೇ ವ್ಯಾನ್ ನಿಲ್ಲಿಸುವವರಿಗೆ ಈ ಕಾಟ ತಪ್ಪಿದ್ದಲ್ಲ. ನಮ್ಮ ಓಣಿಯ ಒಬ್ಬರ ಗಾಡಿಯಲ್ಲಿ ಹೊಸ ಪೈಪು ಹಾಕಿದ ವಾರದೊಳಗೆ ಕಡಿದಿತ್ತು. ರಾಶಿಯಿಂದ ದೂರ ನಿಲ್ಲಿಸುವುದನ್ನು ಬಿಟ್ಟು ಬೇರೆ ಗಟ್ಟಿ ಉಪಾಯ ನನಗೆ ಕಂಡಿಲ್ಲ.

ಹೊಸ ಪೈಪು ತರುವಾಗ ಹಳೇ ತುಂಡನ್ನು ಕೈಯಲ್ಲಿ ಹಿಡಿದು ಹೋಗಿ. ಒಳಗಿನ ಅಗಲ ಸರಿಯಾಗಿ ಕೂಡಬೇಕು. ಪೈಪಿನ ಮೈಮೇಲೆ ಅಕ್ಷರ ಇರುತ್ತದೆ. "ಎಸ್‌ಎಇ ಜೆ30 ಆರ್9" ಎಂದಿದ್ದರೆ ಎಥೆನಾಲನ್ನೂ ಇಂಜೆಕ್ಷನ್ ಗಾಡಿಯ ಒತ್ತಡವನ್ನೂ ತಾಳುವ ಪೈಪು. ಕಾರ್ಬುರೇಟರ್ ಗಾಡಿಗೂ ಅದನ್ನೇ ಹಾಕಬಹುದು. ಇಂಜೆಕ್ಷನ್ ಗಾಡಿಗೆ ಮಾತ್ರ ಬೇರೆ ಯಾವುದನ್ನೂ ಹಾಕಲೇಬಾರದು. ಅದರಲ್ಲಿ ಇಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಬಿಚ್ಚಿದರೆ ಕಣ್ಣಿಗೇ ಚಿಮ್ಮುತ್ತದೆ. ಅಂಥ ಗಾಡಿಯ ಪೈಪನ್ನು ನೋಡುವುದಷ್ಟೇ ನಮ್ಮ ಕೆಲಸ, ಬಿಚ್ಚುವುದು ಮೆಕ್ಯಾನಿಕ್‌ನದು. ಸ್ಪ್ರೇ ಪಂಪಿನ ಪೈಪು, ಮಟ್ಟ ನೋಡುವ ಪಾರದರ್ಶಕ ಪೈಪು ಹಾಕಿ ಓಡಿಸುವವರನ್ನು ಕಂಡಿದ್ದೇನೆ. ಅವು ಪೆಟ್ರೋಲಿಗೆ ಆದವಲ್ಲ, ಗಟ್ಟಿಯಾಗಿ ಜಾರಿ ಬರುತ್ತವೆ. ತಂತಿ ಸುತ್ತಿ ಬಿಗಿಯುವುದೂ ಬೇಡ, ತಂತಿ ರಬ್ಬರನ್ನು ಕೊಯ್ಯುತ್ತದೆ. ಪೈಪಿನ ಜೊತೆಗೆ ಫಿಲ್ಟರ್, ಕ್ಲಿಪ್ಪು ಎಲ್ಲ ಹೊಸದು ಹಾಕಿ. ಎಲ್ಲ ಸೇರಿ ಒಂದು ಒಳ್ಳೇ ಟೈರಿನ ಬೆಲೆ ಆಗುವುದಿಲ್ಲ.

ಮನೆಯ ಅಡುಗೆ ಸಿಲಿಂಡರಿನಿಂದ ವ್ಯಾನ್ ಓಡಿಸುವ ಚಾಳಿ ಇನ್ನೂ ಅಲ್ಲಲ್ಲಿ ಇದೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ. ಅದರ ರಿಪೇರಿ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಗಾಲಿ

ಎರಿ ಹೊಲದ ದಾರಿಯಲ್ಲಿ ಓಡಾಡುವವರಿಗೆ ಗೊತ್ತಿರುವ ಮಾತು: ಮಣ್ಣು ಗಾಲಿಯ ಹೊರಗೆ ಕಾಣುತ್ತದೆ, ತೊಂದರೆ ಕೊಡುವುದು ಒಳಗಿನದು. ಡಿಸ್ಕಿನ ಒಳಮೈಗೆ ಒಂದು ಕಡೆ ಒಣಗಿ ಕಚ್ಚಿದ ಎರಿಮಣ್ಣು ಸಿಮೆಂಟಿನಂತೆ ಕೂತು ಗಾಲಿಯ ತೂಕ ಒಂದೇ ಕಡೆಗಾಗುತ್ತದೆ. ಹೊಲದ ದಾರಿಯಲ್ಲಿ ಏನೂ ಅನಿಸುವುದಿಲ್ಲ. ಹೆದ್ದಾರಿ ಹತ್ತಿ ವೇಗ ಅರವತ್ತು ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ. ಇದಕ್ಕೆ ಬ್ಯಾಲೆನ್ಸಿಂಗ್ ಅಂತ ದುಡ್ಡು ಕೊಡುವ ಮೊದಲು ಗಾಲಿ ಬಿಚ್ಚಿ, ಒಳಮೈ ನೆನೆಸಿ, ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೊಳೆಯಿರಿ. ನಡುಗು ಅಷ್ಟಕ್ಕೇ ಹೋಗುವುದುಂಟು.

ಬೇರಿಂಗ್ ನೋಡುವುದು ಸುಲಭ. ಸಮನೆಲದಲ್ಲಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಒಂದು ಗಾಲಿಯನ್ನು ಜಾಕಿನಲ್ಲಿ ಎತ್ತಿ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದು ಆಟ ಕಂಡರೆ, ತಿರುಗಿಸಿದಾಗ ಬೀಸುಕಲ್ಲಿನ ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸಿ. ಚಕ್ಕಡಿಗೆ ಕೀಲೆಣ್ಣೆ ಹಾಕಿ ಬೆಳೆದವರಿಗೆ ಈ ಸದ್ದು ಹೇಳಿಕೊಡಬೇಕಾಗಿಲ್ಲ. ಬರೀ ಜಾಕಿನ ಮೇಲಿರುವ ಗಾಡಿಯ ಕೆಳಗೆ ಮಾತ್ರ ತಲೆ ಹಾಕಬೇಡಿ.

ನಟ್ಟುಗಳನ್ನು ಸುತ್ತಿನಲ್ಲಿ ಒಂದಾದ ಮೇಲೊಂದು ಬಿಗಿಯಬಾರದು. ಎದುರುಬದುರು ಬಿಗಿಯಬೇಕು, ಕೊನೆಯ ಬಿಗಿ ಗಾಲಿ ನೆಲಕ್ಕಿಳಿದ ಮೇಲೆ. ಗಾಲಿ ಬಿಚ್ಚಿ ಹಾಕಿದ ಮೇಲೆ ಹಾವೇರಿಗೋ ರಾಣೆಬೆನ್ನೂರಿಗೋ ಒಮ್ಮೆ ಹೋಗಿ ಬಂದು ಮತ್ತೊಮ್ಮೆ ಪಾನಾ ಹಾಕಿ ನೋಡಿ.

ಟೈರಿನ ಸವೆತವೇ ಎಲ್ಲ ಹೇಳುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡುವೆ ಸವೆದಿದ್ದರೆ ಹೆಚ್ಚಿತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಿನ ಟೈರಿನ ತೋಡು 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ತೋಡಿನ ಒಳಗೆ ಅಡ್ಡ ಇರುವ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮ ಬಂದರೆ ಅಷ್ಟಕ್ಕೆ ಇಳಿದಿದೆ ಅಂತ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 1419 ಎಂದಿದ್ದರೆ 2019ರ 14ನೇ ವಾರ ತಯಾರಾದದ್ದು. ಕಡಿಮೆ ಓಡುವ ವ್ಯಾನಿನಲ್ಲಿ ತೋಡು ಹೊಸದರಂತೆ ಇದ್ದರೂ ಪಕ್ಕೆಗಳಲ್ಲಿ ಬಿರುಕು ಬಿಟ್ಟಿರುತ್ತದೆ. ಅಂಥ ಟೈರು ಹೊಲಕ್ಕೆ ಓಡಾಡಲೂ ಯೋಗ್ಯವಲ್ಲ, ಹೆದ್ದಾರಿಗಂತೂ ಅಲ್ಲವೇ ಅಲ್ಲ.

ಬೇಸಿಗೆ ಅಂತ ಗಾಳಿ ಇಳಿಸುವ ಪದ್ಧತಿ ನಮ್ಮಲ್ಲಿ ಬಹಳ. ಇದು ಉಲ್ಟಾ. ಗಾಳಿ ಕಡಿಮೆಯಾದರೆ ಪಕ್ಕೆಗಳು ಹೆಚ್ಚು ಮಡಚಿ ಬಿಚ್ಚಿ ಮಾಡುತ್ತವೆ, ಆ ಕಾವಿಗೇ ಟೈರು ಒಡೆಯುವುದು. ಚೀಲ ತುಂಬಿದಾಗ ಇನ್ನೂ ಬೇಗ. ಬಾಗಿಲ ಹತ್ತಿರದ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುವಷ್ಟು ಗಾಳಿಯನ್ನು ಬೆಳಗ್ಗೆ, ಗಾಲಿ ತಣ್ಣಗಿರುವಾಗ ಹಾಕಿಸಿ. ಸ್ಟೆಪ್ನಿಯನ್ನು ಮರೆಯಬೇಡಿ.

ಬಣ್ಣ ಮತ್ತು ತುಕ್ಕು

ಗೊಬ್ಬರದ ಚೀಲ ಹೇರುವ ವ್ಯಾನಿಗೆ ತುಕ್ಕು ಹೊರಗಿನಿಂದಲ್ಲ, ಒಳಗಿನಿಂದ ಹಿಡಿಯುತ್ತದೆ. ನಾವು ಹಾಕುವ ಪೊಟ್ಯಾಷ್ ಅಡುಗೆ ಉಪ್ಪಿನ ಹತ್ತಿರದ ನೆಂಟ, ಅದೂ ಕ್ಲೋರೈಡ್ ಉಪ್ಪೇ. ಯೂರಿಯಾ ತೇವ ಎಳೆಯುತ್ತದೆ. ಹರಿದ ಚೀಲದಿಂದ ಉದುರಿದ್ದು ನೆಲದ ಮ್ಯಾಟಿನ ಕೆಳಗೆ ಸೇರಿ ವರ್ಷಪೂರ್ತಿ ಹಸಿಯಾಗಿಯೇ ಇದ್ದು ತಗಡನ್ನು ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ಮ್ಯಾಟ್ ಎತ್ತಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ. ಎಲ್ಲ ಬಣ್ಣಕ್ಕಿಂತ ಈ ಅರ್ಧ ತಾಸಿನ ಕೆಲಸ ಹೆಚ್ಚು ಬಾಳಿಕೆ ಕೊಡುತ್ತದೆ.

ಬಾಗಿಲುಗಳ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿವೆ. ಗೋವಿನಜೋಳದ ಹೊಟ್ಟು, ಮಣ್ಣು ಕೂತು ಅವು ಮುಚ್ಚಿದರೆ ಮಳೆನೀರು ಬಾಗಿಲೊಳಗೇ ನಿಲ್ಲುತ್ತದೆ. ತಂತಿ ಹಾಕಿ ಬಿಡಿಸಿ. ಜಾರುಬಾಗಿಲ ಕೆಳಗಿನ ಹಳಿಯನ್ನೂ ಹಾಗೇ. ಕ್ಯಾರಿಯರಿನ ಕಾಲು ಊರಿದ ಜಾಗ, ಹಗ್ಗ ಉಜ್ಜುವ ಅಂಚು, ಇವೆರಡರಲ್ಲಿ ಬಣ್ಣ ಮೊದಲು ಹೋಗುತ್ತದೆ. ಹಗ್ಗದ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಕೊಡಿ.

ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ದುಡ್ಡು ದಂಡ. ಗುಳ್ಳೆ ಎದ್ದಲ್ಲಿ 80 ನಂಬರಿನ ಪೇಪರಿನಿಂದ ಬಿಳಿ ತಗಡು ಕಾಣುವ ತನಕ ತಿಕ್ಕಿ, ಥಿನ್ನರಿನಿಂದ ಒರೆಸಿ, ಅದೇ ದಿನ ಪ್ರೈಮರ್ ಹಚ್ಚಿ. ಒಂದು ರಾತ್ರಿ ಬಿಟ್ಟರೆ ಇಬ್ಬನಿಗೇ ಮತ್ತೆ ತುಕ್ಕು ಶುರು. ತೂತೇ ಬಿದ್ದಿದ್ದರೆ ಪುಟ್ಟಿ ಮೆತ್ತಿ ಮುಚ್ಚಬೇಡಿ, ಹೊಸ ತಗಡು ಬೆಸೆಸಿ. ಬೆಸುಗೆಗೆ ಕೊಡುವ ಮೊದಲು ಪೆಟ್ರೋಲ್ ಟ್ಯಾಂಕ್, ಪೈಪು ಎಲ್ಲಿವೆ ಎಂದು ಬೆಸೆಯುವವನಿಗೆ ತೋರಿಸಿ. ಹತ್ತಿರದಲ್ಲಿದ್ದರೆ ಟ್ಯಾಂಕ್ ಇಳಿಸಿಯೇ ಕೆಲಸ ಮಾಡಿಸಿ. ಪುಟ್ಟಿ ತೆಳುವಾಗಿರಲಿ, ಒಣಗಿದ ಮೇಲೆ 320ರ ವಾಟರ್ ಪೇಪರಿನಲ್ಲಿ ನಯ ಮಾಡಿ.

ಮೋಡ ಕವಿದ ದಿನ ಎನ್‌ಸಿ ಬಣ್ಣ ಹೊಡೆದರೆ ಬೂದಿ ಹಿಡಿದಂತೆ ಬೆಳ್ಳಗಾಗುತ್ತದೆ. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ತೇವ ಕೂರುವುದು ಇದಕ್ಕೆ ಕಾರಣ. ಇಬ್ಬನಿ ಆರಿ, ಗಾಳಿ ಏಳುವ ಮೊದಲಿನ ಎರಡು ಮೂರು ತಾಸು ಒಳ್ಳೇ ಹೊತ್ತು. ಓಣಿಯಲ್ಲಿ ರಾಶಿ ಮಷೀನು ನಡೆಯುವ ದಿನ ಬೇಡ. ಪಿಯು ಬಣ್ಣ ಹೆಚ್ಚು ಬಾಳುತ್ತದೆ ನಿಜ. ಆದರೆ ಅದರ ಹಾರ್ಡನರಿನಲ್ಲಿ ಐಸೋಸೈನೇಟ್ ಇದೆ, ಸಿಂಪಡಿಸಿದಾಗ ಶ್ವಾಸಕೋಶಕ್ಕೆ ಕೆಟ್ಟದ್ದು. ಔಷಧ ಹೊಡೆಯುವಾಗ ಕಟ್ಟುವ ಟವೆಲು ಅದನ್ನು ತಡೆಯುವುದಿಲ್ಲ. ಅದನ್ನು ಸರಿಯಾದ ಮಾಸ್ಕ್ ಇರುವ ಪೇಂಟರಿಗೇ ಕೊಡಿ, ಮನೆಯ ಅಂಗಳದಲ್ಲಿ ಮಕ್ಕಳ ನಡುವೆ ಮಾಡಿಸಬೇಡಿ.

ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಈ ಮೂರೂ ಕೆಲಸವನ್ನು ಆ ತಾರೀಖಿಗೆ ಒಂದು ತಿಂಗಳು ಮೊದಲೇ ಮುಗಿಸಿಕೊಳ್ಳಿ. ಮೂಲ ಬಣ್ಣ ಬದಲಿಸುವ ಮನಸ್ಸಿದ್ದರೆ ಅದಕ್ಕೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಆರ್‌ಸಿಯಲ್ಲಿ ಬಣ್ಣವೂ ಬರೆದಿರುತ್ತದೆ.